‘ಡೂ’ ಎಂದರೆ ಕೆಲಸ, ‘ಮೇಕ್’ ಎಂದರೆ ತಯಾರಿಕೆ: ಇಟಾಲಿಯನ್ನರಿಗೆ ಈ ಒಂದು ಸಾಲಿನ ಸೂತ್ರ ಸಾಕೇ?

‘ತಿಂಡಿ ಮಾಡಿದ್ರಾ?’ ಎಂದು ಯಾರಾದರೂ ದಾರಿಯಲ್ಲಿ ಕೇಳಿದರೆ ನಾವು ಒಲೆಯ ವಿಷಯ ಯೋಚಿಸುವುದಿಲ್ಲ. ತಿಂದಾಯಿತೇ ಎಂದು ವಿಚಾರಿಸುತ್ತಿದ್ದಾರೆ, ಅಷ್ಟೇ. ಅದೇ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ನಿಂತವರಿಗೆ ಕೇಳಿದರೆ ಅರ್ಥ ಬದಲಾಗುತ್ತದೆ: ತಯಾರಿಸಿ ಆಯಿತೇ? ಒಂದೇ ‘ಮಾಡು’, ಎರಡು ಅರ್ಥ. ನಮಗೆ ಗೊಂದಲವೇ ಆಗುವುದಿಲ್ಲ.

ಇಟಲಿಯಲ್ಲೂ ಹೀಗೆಯೇ. ಬೆಳಗಿನ ತಿಂಡಿ ತಿನ್ನುವುದಕ್ಕೆ ಅವರು ‘ಫಾರೆ ಕೊಲಾತ್ಸಿಯೋನೆ’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ‘ತಿಂಡಿ ಮಾಡು’. ತೊಂದರೆ ಶುರುವಾಗುವುದು ಅದನ್ನು ಇಂಗ್ಲಿಷಿಗೆ ತರುವಾಗ. ‘ಐ ಮೇಕ್ ಬ್ರೇಕ್‌ಫಾಸ್ಟ್ ಅಟ್ ಸೆವೆನ್’ ಎಂದು ಇಟಾಲಿಯನ್ ಒಬ್ಬರು ಹೇಳಿದರೆ, ಕೇಳಿದವರಿಗೆ ಅವರು ಏಳು ಗಂಟೆಗೆ ಅಡುಗೆಮನೆಗೆ ಹೋಗುತ್ತಾರೆ ಎಂದೇ ಅರ್ಥವಾಗುತ್ತದೆ. ಅವರು ಹೇಳಬೇಕೆಂದಿದ್ದು ಏಳು ಗಂಟೆಗೆ ತಿನ್ನುತ್ತೇನೆ ಎಂದು.

ಈ ಗೊಂದಲಕ್ಕೆ ಮದ್ದು ಎಂದು ಇಂಗ್ಲಿಷ್ ಕಲಿಸುವ ಕಾರ್ಡುಗಳಲ್ಲಿ, ವಿಡಿಯೊಗಳಲ್ಲಿ ಒಂದು ಸೂತ್ರ ಸುತ್ತುತ್ತಲೇ ಇರುತ್ತದೆ. ಕೆಲಸ, ಚಟುವಟಿಕೆ ಆದರೆ ‘ಡೂ’. ಹೊಸದಾಗಿ ಏನಾದರೂ ತಯಾರಾದರೆ ‘ಮೇಕ್’. ಇಷ್ಟು ನೆನಪಿಟ್ಟರೆ ಜೀವನದಲ್ಲಿ ತಪ್ಪೇ ಆಗುವುದಿಲ್ಲವಂತೆ. ಇದು ನಿಜವೇ?

ನಮ್ಮ ಉತ್ತರ: ಅರ್ಧ ನಿಜ. ಉಳಿದ ಅರ್ಧದಲ್ಲೇ ಮುಜುಗರ ತರುವ ತಪ್ಪುಗಳು ಅಡಗಿವೆ.

‘ಫಾರೆ’ ಎಷ್ಟು ದೊಡ್ಡ ಚೀಲ?

ಇಟಾಲಿಯನ್ ಭಾಷೆಯ ‘ಫಾರೆ’ ನಮ್ಮ ‘ಮಾಡು’ವಿನಂತೆ ಎಲ್ಲ ಕಡೆ ಕೈಯಾಡಿಸುವ ಕ್ರಿಯಾಪದ. ಕೇಕ್ ಮಾಡುವುದಕ್ಕೂ ಫಾರೆ, ಹೋಮ್‌ವರ್ಕ್ ಮಾಡುವುದಕ್ಕೂ ಫಾರೆ. ಸ್ನಾನ ಮಾಡುವುದು ‘ಫಾರೆ ಲಾ ದೊಚ್ಚಾ’, ತಪ್ಪು ಮಾಡುವುದು ‘ಫಾರೆ ಉನ್ ಎರ್ರೋರೆ’, ಫೋನ್ ಮಾಡುವುದು ‘ಫಾರೆ ಊನಾ ತೆಲೆಫೊನಾತಾ’. ಇಲ್ಲಿಯವರೆಗೆ ಕನ್ನಡಿಗರಿಗೆ ಮನೆಯಲ್ಲೇ ಇದ್ದ ಹಾಗಿದೆ.

ಆದರೆ ಅವರ ಚೀಲ ನಮ್ಮದಕ್ಕಿಂತ ದೊಡ್ಡದು. ನಾವು ಪ್ರಶ್ನೆ ಕೇಳುತ್ತೇವೆ, ಅವರು ಪ್ರಶ್ನೆಯನ್ನೂ ‘ಮಾಡುತ್ತಾರೆ’. ನಾವು ಫೋಟೊ ತೆಗೆಯುತ್ತೇವೆ, ಅವರು ಫೋಟೊ ‘ಮಾಡುತ್ತಾರೆ’. ಕ್ಯೂ ನಿಲ್ಲುವುದು ‘ಫಾರೆ ಲಾ ಫೀಲಾ’. ಪೆಟ್ರೋಲ್ ಹಾಕಿಸುವುದು ‘ಫಾರೆ ಬೆಂಜೀನಾ’. ವೈದ್ಯನಾಗಿದ್ದೇನೆ ಎನ್ನಲು ‘ಫಾಚ್ಚೊ ಇಲ್ ಮೇದಿಕೊ’, ಅಂದರೆ ‘ವೈದ್ಯನನ್ನು ಮಾಡುತ್ತೇನೆ’. ಬಿಸಿಲಿನ ದಿನ ಸೆಕೆಯಾದರೆ ‘ಫಾ ಕಾಲ್ದೊ’, ಹವಾಮಾನವೇ ಸೆಕೆ ‘ಮಾಡುತ್ತದೆ’. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ‘ಮಾಡುತ್ತದೆ’. ಏನೂ ಮಾಡದೆ ಕುಳಿತುಕೊಳ್ಳುವ ಸುಖಕ್ಕೂ ಒಂದು ಫಾರೆ ಇದೆ: ‘ದೋಲ್ಚೆ ಫಾರ್ ನ್ಯೆಂತೆ’. ಸಿನಿಮಾ, ಪ್ರವಾಸದ ಜಾಹೀರಾತುಗಳಿಂದ ಇದು ಪ್ರಪಂಚಕ್ಕೆಲ್ಲ ಗೊತ್ತಾಗಿದೆ.

ಈ ಒಂದು ಚೀಲದಲ್ಲಿರುವುದನ್ನೆಲ್ಲ ಇಂಗ್ಲಿಷ್ ಹಲವು ಡಬ್ಬಿಗಳಲ್ಲಿ ಹಂಚಿಟ್ಟಿದೆ. ಸೂತ್ರದ ಕಾರ್ಡು ತೋರಿಸುವುದು ಅದರಲ್ಲಿ ಎರಡು ಡಬ್ಬಿಗಳನ್ನು ಮಾತ್ರ.

ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ?

ಕೇಕ್, ಕಾಫಿ, ಸದ್ದು, ದುಡ್ಡು, ಗೆಳೆತನ. ಇವಕ್ಕೆಲ್ಲ ‘ಮೇಕ್’. ಮೊದಲು ಇರದಿದ್ದ ಏನೋ ಒಂದು ಹುಟ್ಟಿತು ಎನ್ನಬಹುದು. ಹೋಮ್‌ವರ್ಕ್, ಮನೆಗೆಲಸ, ವ್ಯಾಯಾಮ, ಪಾತ್ರೆ ತೊಳೆಯುವುದು. ಇವಕ್ಕೆ ‘ಡೂ’. ಸೂತ್ರ ಚೆನ್ನಾಗಿಯೇ ಓಡುತ್ತಿದೆ.

ಈಗ ಹಾಸಿಗೆಯ ಹತ್ತಿರ ಬನ್ನಿ. ಬೆಳಿಗ್ಗೆ ಎದ್ದು ಹೊದಿಕೆ ಸರಿಪಡಿಸುವುದು ಅಪ್ಪಟ ಮನೆಗೆಲಸ, ಹೊಸದೇನೂ ತಯಾರಾಗುವುದಿಲ್ಲ. ಆದರೂ ಇಂಗ್ಲಿಷಿನಲ್ಲಿ ಅದು ‘ಮೇಕ್ ದ ಬೆಡ್’. ಪ್ರಯತ್ನ ಪಡುವುದು ಚಟುವಟಿಕೆಯೇ, ಆದರೂ ‘ಮೇಕ್ ಆ್ಯನ್ ಎಫರ್ಟ್’. ಹಾನಿ ಮಾಡಿದರೆ ಮೊದಲು ಇರದಿದ್ದ ಹಾನಿ ಹುಟ್ಟುತ್ತದೆ, ಆದರೆ ಅದು ‘ಡೂ ಡ್ಯಾಮೇಜ್’. ಉಪಕಾರವೂ ‘ಡೂ’. ತಪ್ಪು ಮಾತ್ರ ‘ಮೇಕ್’! ಯಾಕೆ ಎಂದು ಕೇಳಿದರೆ ಇಂಗ್ಲಿಷರೂ ತಲೆ ಕೆರೆದುಕೊಳ್ಳುತ್ತಾರೆ. ಇಟಲಿಯ ಮಕ್ಕಳು ಪ್ರಾಥಮಿಕ ಶಾಲೆಯಿಂದಲೇ ಇಂಗ್ಲಿಷ್ ಕಲಿಯುತ್ತಾರೆ. ಆದರೂ ‘ಐ ಡಿಡ್ ಎ ಮಿಸ್ಟೇಕ್’ ಎಂಬ ಮಾತು ದೊಡ್ಡವರ ಬಾಯಲ್ಲೂ ಬರುತ್ತದೆ. ಒಪ್ಪಿಕೊಳ್ಳೋಣ, ಬೆಂಗಳೂರಿನಲ್ಲೂ ಬರುತ್ತದೆ.

ಇವು ಸಣ್ಣ ತಪ್ಪುಗಳು. ಕೇಳಿದವರಿಗೆ ಅರ್ಥವಾಗುತ್ತದೆ, ವ್ಯವಹಾರ ನಿಲ್ಲುವುದಿಲ್ಲ. ಕಾರ್ಡುಗಳು, ಕ್ವಿಜ್‌ಗಳು ಎಲ್ಲವೂ ಇದರ ಮೇಲೆಯೇ ಗಮನ ಹಾಕುತ್ತವೆ ಎಂಬುದೇ ನಮ್ಮ ದೂರು.

ಎರಡೂ ಅಲ್ಲದ ಮೂರನೆಯ ಗುಂಪು

ಪ್ರಶ್ನೆ ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಡೂ ಬರುವುದಿಲ್ಲ, ಮೇಕ್ ಕೂಡ ಬರುವುದಿಲ್ಲ, ‘ಆಸ್ಕ್’ ಬೇಕು. ಫೋಟೊಗೆ ‘ಟೇಕ್’. ಸ್ನಾನಕ್ಕೆ, ತಿಂಡಿಗೆ, ಪಾರ್ಟಿಗೆ ‘ಹ್ಯಾವ್’. ಗಮನ ಕೊಡುವುದಕ್ಕೆ ‘ಪೇ’. ವೈದ್ಯನಾಗಿದ್ದೇನೆ ಎನ್ನಲು, ಸೆಕೆಯಾಗಿದೆ ಎನ್ನಲು ಬರೀ ‘ಆ್ಯಮ್’, ‘ಈಸ್’. ಡೂ ಇಡಲೋ ಮೇಕ್ ಇಡಲೋ ಎಂದು ಕಲಿಯುವವರು ಒದ್ದಾಡುತ್ತಿರುವಾಗ ಸರಿಯುತ್ತರ ಪಟ್ಟಿಯಲ್ಲೇ ಇರುವುದಿಲ್ಲ. ‘ಮೇಕ್ ಎ ಶವರ್’ ಎಂದರೆ ಪ್ಲಂಬರ್ ಬಂದು ಶವರ್ ಕಟ್ಟಿದ ಹಾಗೆ ಕೇಳಿಸುತ್ತದೆ.

ನಗು ಬರುವುದು ಸರಿ. ಆದರೆ ಇದೇ ಗುಂಪಿನಲ್ಲಿ ನಗು ಬರದ ಉದಾಹರಣೆಗಳೂ ಇವೆ.

ಮಗು ನೋಡಿಕೊಳ್ಳುವ ಕೆಲಸಕ್ಕೆಂದು ಲಂಡನ್ನಿಗೋ ಡಬ್ಲಿನ್ನಿಗೋ ಬಂದ ಒಬ್ಬ ಇಟಾಲಿಯನ್ ಹುಡುಗಿಯನ್ನು ಊಹಿಸಿಕೊಳ್ಳಿ. ಸಂಜೆ ತಾಯಿ ಮನೆಗೆ ಬಂದು ಮಗು ಊಟ ಮಾಡಿತೇ ಎಂದು ಕೇಳುತ್ತಾಳೆ. ಹುಡುಗಿಯ ಮನಸ್ಸಿನಲ್ಲಿ ಇರುವುದು ‘ಒ ಫಾತ್ತೊ ಮಾಂಜಾರೆ ಇಲ್ ಬಾಂಬೀನೊ’. ಕನ್ನಡದಲ್ಲಿ ಹೇಳುವುದಾದರೆ ‘ಮಗುವಿಗೆ ಊಟ ಮಾಡಿಸಿದೆ’. ಎಷ್ಟು ಅಕ್ಕರೆಯ ಮಾತು! ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸುತ್ತಾಳೆ: ‘ಐ ಮೇಡ್ ಹಿಮ್ ಈಟ್’. ವ್ಯಾಕರಣದ ಪ್ರಕಾರ ಒಂದು ತಪ್ಪೂ ಇಲ್ಲ. ಆದರೆ ತಾಯಿಯ ಕಿವಿಗೆ ಬೀಳುವುದು ‘ಬಲವಂತವಾಗಿ ತಿನ್ನಿಸಿದೆ’ ಎಂದು. ಯಾಕೆಂದರೆ ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿಯಿಂದ ಏನನ್ನಾದರೂ ‘ಮೇಕ್’ ಮಾಡಿಸಿದರೆ ಅದರಲ್ಲಿ ಸಾಮಾನ್ಯವಾಗಿ ಒತ್ತಾಯದ ವಾಸನೆ ಇರುತ್ತದೆ. ‘ಐ ಗೇವ್ ಹಿಮ್ ಹಿಸ್ ಡಿನ್ನರ್’ ಎಂದಿದ್ದರೆ ಸಾಕಿತ್ತು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ವಿದೇಶಕ್ಕೆ ಹೋಗುವ ನಮ್ಮ ಅಜ್ಜ ಅಜ್ಜಿಯರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಆಫೀಸಿನ ಮೇಲ್‌ಗಳಲ್ಲಿ ಇದರ ತಮ್ಮನೊಬ್ಬ ಇದ್ದಾನೆ. ‘ಲೆ ಫಾರೊ ಸಪೇರೆ’ ಎಂದರೆ ‘ನಿಮಗೆ ತಿಳಿಸುತ್ತೇನೆ’. ಬಹಳ ವಿನಯದ ವಾಕ್ಯ. ಪದಕ್ಕೆ ಪದ ಇಟ್ಟರೆ ‘ಐ ವಿಲ್ ಮೇಕ್ ಯು ನೋ’ ಆಗುತ್ತದೆ. ಓದಿದವರಿಗೆ ‘ನಿಮಗೆ ಬುದ್ಧಿ ಕಲಿಸುತ್ತೇನೆ’ ಎಂಬ ಧಾಟಿಯಲ್ಲಿ ಕೇಳಿಸಿದರೆ ಆಶ್ಚರ್ಯವಿಲ್ಲ. ಸರಿಯಾದದ್ದು ‘ಐ ವಿಲ್ ಲೆಟ್ ಯು ನೋ’. ಮಿಲಾನ್‌ನಲ್ಲಿರುವ ಸಹೋದ್ಯೋಗಿಯಿಂದ ಇಂಥ ಮೇಲ್ ಬಂದರೆ ಗಾಬರಿಯಾಗಬೇಡಿ, ಅದು ಬೆದರಿಕೆಯಲ್ಲ.

ಇನ್ನೊಂದು ಆಸ್ಪತ್ರೆಯ ವಿಷಯ. ಲಸಿಕೆ ಪಡೆದವರು ಇಟಲಿಯಲ್ಲಿ ‘ಒ ಫಾತ್ತೊ ಇಲ್ ವಚ್ಚೀನೊ’ ಎನ್ನುತ್ತಾರೆ, ಅಂದರೆ ‘ಲಸಿಕೆ ಮಾಡಿದೆ’. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಆಪರೇಷನ್ ಎಲ್ಲದಕ್ಕೂ ಇದೇ ರೀತಿ. ‘ಐ ಮೇಡ್ ಆ್ಯನ್ ಆಪರೇಷನ್’ ಎಂದು ರೋಗಿಯೇ ಹೇಳಿದರೆ ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಕನ್ನಡದಲ್ಲಿ ನಾವು ಇಲ್ಲಿ ಎಚ್ಚರದಿಂದ ಇದ್ದೇವೆ. ಲಸಿಕೆ ‘ಹಾಕಿಸಿಕೊಂಡೆ’, ಟೆಸ್ಟ್ ‘ಮಾಡಿಸಿದೆ’, ಕಾರು ರಿಪೇರಿ ‘ಮಾಡಿಸಿದೆ’ ಎನ್ನುತ್ತೇವೆ. ‘ಇಸು’ ಎಂಬ ಎರಡಕ್ಷರ ಸೇರಿಸಿದ ಕೂಡಲೇ ಮಾಡಿದವರು ಬೇರೆ, ಮಾಡಿಸಿಕೊಂಡವರು ಬೇರೆ ಎಂಬುದು ಗೊತ್ತಾಗಿಬಿಡುತ್ತದೆ. ಇಂಗ್ಲಿಷ್ ಇದನ್ನು ‘ಹ್ಯಾವ್’ ಅಥವಾ ‘ಗೆಟ್’ನಿಂದ ಮಾಡುತ್ತದೆ: ‘ಐ ಹ್ಯಾಡ್ ಆ್ಯನ್ ಆಪರೇಷನ್’, ‘ಐ ಗಾಟ್ ದ ಕಾರ್ ರಿಪೇರ್ಡ್’. ಇಟಾಲಿಯನ್ ಕಲಿಕೆದಾರರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಹಾಸಿಗೆಗೆ ಡೂ ಬರುತ್ತದೋ ಮೇಕ್ ಬರುತ್ತದೋ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ಒಂದೇ ಬೇರಿನ ಪದಗಳು

ತಮಾಷೆಯೆಂದರೆ ‘ಡೂ’ ಮತ್ತು ‘ಫಾರೆ’ ದೂರದ ಸಂಬಂಧಿಗಳು. ಫಾರೆ ಬಂದದ್ದು ಲ್ಯಾಟಿನ್ನಿನ ‘ಫಾಕೆರೆ’ಯಿಂದ. ಫಾಕೆರೆ ಮತ್ತು ಡೂ ಎರಡೂ ‘ಇಡು’ ಎಂಬ ಅರ್ಥವಿದ್ದ ಒಂದೇ ಪುರಾತನ ಬೇರಿನಿಂದ ಹುಟ್ಟಿದವು ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಸಂಸ್ಕೃತದ ‘ಧಾ’ ಧಾತು ಕೂಡ ಅದೇ ಬೇರಿನದು. ಹಾಗಾಗಿ ನಾವು ದಿನವೂ ಬಳಸುವ ವಿಧಾನ, ಸಂಧಿ, ಸಮಾಧಾನ ಎಂಬ ಪದಗಳಿಗೂ ಇವುಗಳಿಗೂ ನೆಂಟಸ್ತನವಿದೆ. ಕನ್ನಡದ ‘ಮಾಡು’ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಅಂದ ಹಾಗೆ ಫ್ಯಾಕ್ಟರಿ, ಅಫೇರ್, ಕೊನೆಗೆ ನಾವು ‘ಫ್ಯಾಕ್ಟ್ ಚೆಕ್’ ಎನ್ನುವಾಗಿನ ಫ್ಯಾಕ್ಟ್ ಕೂಡ ಫಾಕೆರೆಯ ಮಕ್ಕಳೇ. ಮಾಡಿದ್ದು, ನಡೆದದ್ದು ಎಂಬುದೇ ಅದರ ಮೂಲ ಅರ್ಥ.

ಹಾಗಾದರೆ ಕಲಿಯುವುದು ಹೇಗೆ?

ಉತ್ತರ ಇಟಾಲಿಯನ್ ಭಾಷೆಯೊಳಗೇ ಇದೆ. ‘ಎರಡು ವರ್ಷದ ಹಿಂದೆ’ ಎನ್ನಲು ಅವರು ‘ದೂಎ ಆನ್ನಿ ಫಾ’ ಎನ್ನುತ್ತಾರೆ. ಇಲ್ಲಿರುವ ‘ಫಾ’ ಕೂಡ ಫಾರೆಯ ರೂಪವೇ, ಪದಶಃ ‘ಎರಡು ವರ್ಷ ಮಾಡುತ್ತದೆ’. ಆದರೆ ಸ್ವಲ್ಪ ಇಂಗ್ಲಿಷ್ ಬಲ್ಲ ಇಟಾಲಿಯನ್ನರು ಇದನ್ನು ‘ಟೂ ಇಯರ್ಸ್ ಮೇಕ್’ ಎಂದು ತರ್ಜುಮೆ ಮಾಡಲು ಹೋಗುವುದಿಲ್ಲ, ನೇರವಾಗಿ ‘ಟೂ ಇಯರ್ಸ್ ಅಗೋ’ ಎನ್ನುತ್ತಾರೆ. ಇದಕ್ಕೆ ಸೂತ್ರವೇನೂ ಬೇಕಾಗಲಿಲ್ಲ. ಇಡೀ ತುಂಡನ್ನು ಒಟ್ಟಿಗೆ ಕಲಿತದ್ದರಿಂದ ಒಳಗಿನ ‘ಫಾ’ವನ್ನು ಬೇರ್ಪಡಿಸಿ ನೋಡುವ ಪ್ರಮೇಯವೇ ಬರಲಿಲ್ಲ. ಉಳಿದವಕ್ಕೂ ಇದೇ ದಾರಿ. ‘ಕ್ವೆಶ್ಚನ್’ ಎಂಬ ಪದವನ್ನು ಒಂಟಿಯಾಗಿ ಬರೆದುಕೊಳ್ಳಬಾರದು. ‘ಆಸ್ಕ್ ಎ ಕ್ವೆಶ್ಚನ್’ ಎಂದು ಜೋಡಿಯಾಗಿಯೇ ಬರೆದುಕೊಳ್ಳಬೇಕು, ಜೋರಾಗಿ ಹೇಳಿ ಬಾಯಿಗೆ ರೂಢಿ ಮಾಡಿಕೊಳ್ಳಬೇಕು.

ಎರಡನೆಯದಾಗಿ, ಪದಕ್ಕೆ ಬದಲು ಸನ್ನಿವೇಶದಿಂದ ಶುರುಮಾಡುವುದು. ಆಸ್ಪತ್ರೆಯಲ್ಲಿ ಬೇಕಾಗುವ ಏಳೆಂಟು ವಾಕ್ಯ, ಮಗು ನೋಡಿಕೊಳ್ಳುವವರಿಗೆ ಬೇಕಾಗುವ ಏಳೆಂಟು, ಮೇಲ್‌ನ ಕೊನೆಗೆ ಬರೆಯುವ ಎರಡು. ಡೂ ಮತ್ತು ಮೇಕ್‌ಗಳ ನೂರು ಪದದ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ಕೈಗೆ ಬರುತ್ತದೆ.

ಇಷ್ಟಾದರೂ ತಪ್ಪಿದರೆ ದಡ್ಡತನ ಎಂದುಕೊಳ್ಳಬೇಕಿಲ್ಲ. ಬೆಂಗ್ಟ್ ಆಲ್ಟೆನ್‌ಬರ್ಗ್ ಮತ್ತು ಸಿಲ್ವಿಯಾನ್ ಗ್ರಾಂಜೆ ಎಂಬ ಭಾಷಾಶಾಸ್ತ್ರಜ್ಞರು ಸ್ವೀಡಿಷ್ ಮತ್ತು ಫ್ರೆಂಚ್ ಮಾತೃಭಾಷೆಯ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳಲ್ಲಿ ‘ಮೇಕ್’ ಒಂದನ್ನೇ ಹಿಡಿದು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಸಾಕಷ್ಟು ಮುಂದುವರಿದವರಿಗೂ ಈ ಸರಳ ಕ್ರಿಯಾಪದ ಕಷ್ಟ ಕೊಡುತ್ತದೆ ಎಂದು ಕಂಡುಬಂತು. ಫ್ರೆಂಚಿನ ‘ಫೇರ್’ ಇಟಾಲಿಯನ್ನಿನ ಫಾರೆಯ ಒಡಹುಟ್ಟು, ಅದೂ ಫಾಕೆರೆಯಿಂದಲೇ ಬಂದದ್ದು. ಕಷ್ಟವಾದ ಪದಗಳಿಗೆ ನಾವು ನಿಘಂಟು ತೆರೆಯುತ್ತೇವೆ, ಸುಲಭವಾದದ್ದಕ್ಕೆ ತೆರೆಯುವುದಿಲ್ಲ ಎಂಬುದೂ ಒಂದು ಕಾರಣ ಇರಬಹುದು ಎಂದು ನಮಗೆ ಅನ್ನಿಸುತ್ತದೆ.

ಒಂದು ಪದದಲ್ಲಿ ಎಲ್ಲ ಮುಗಿಸುವ ಭಾಷೆ ಬಡ ಭಾಷೆ ಎಂದು ಕೆಲವರು ಕಾಮೆಂಟ್ ಹಾಕುವುದುಂಟು. ಅವರಿಗೆ ಇಂಗ್ಲಿಷಿನ ‘ಗೆಟ್’ ನೆನಪಿಸಿದರೆ ಸಾಕು. ಪಡೆಯುವುದು, ತಲುಪುವುದು, ಅರ್ಥವಾಗುವುದು, ಸುಸ್ತಾಗುವುದು, ಬಸ್ ಹತ್ತುವುದು ಎಲ್ಲವೂ ಅದರಲ್ಲೇ. ಅದನ್ನು ಇಟಾಲಿಯನ್ನಿಗೆ ತರುವ ಇಂಗ್ಲಿಷರು ಪ್ರತಿ ಸಲ ಬೇರೆ ಕ್ರಿಯಾಪದ ಹುಡುಕಬೇಕು.

ಕೊನೆಗೊಂದು ಪರೀಕ್ಷೆಯ ವಿಷಯ, ಯಾಕೆಂದರೆ ಇದರಲ್ಲಿ ನಾವೂ ಸಿಕ್ಕಿಬೀಳುತ್ತೇವೆ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾನೆ. ಇಟಲಿಯ ಕಾಲೇಜು ಹುಡುಗರು ‘ಫಾರೆ ಉನ್ ಎಸಾಮೆ’ ಎಂದೂ ಹೇಳುತ್ತಾರೆ, ‘ದಾರೆ ಉನ್ ಎಸಾಮೆ’ ಎಂದೂ ಹೇಳುತ್ತಾರೆ. ‘ದಾರೆ’ ಎಂದರೆ ಕೊಡು. ಹಿಂದಿಯವರೂ ಪರೀಕ್ಷೆ ಕೊಡುತ್ತಾರೆ, ನಾವು ಪರೀಕ್ಷೆ ಬರೆಯುತ್ತೇವೆ. ರೋಮ್‌ನ ಹುಡುಗ ‘ಐ ಗೇವ್ ಆ್ಯನ್ ಎಕ್ಸಾಮ್’ ಎಂದರೆ ದೆಹಲಿಯ ಗೆಳೆಯನಿಗೆ ತಕ್ಷಣ ಅರ್ಥವಾಗುತ್ತದೆ. ಲಂಡನ್ನಿನವರು ಮಾತ್ರ ಅವನನ್ನು ಮೇಷ್ಟ್ರು ಎಂದುಕೊಳ್ಳುತ್ತಾರೆ.