ಹಾಸಿಗೆ ಬಿಟ್ಟೆದ್ದವರು

1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ಹಳೆಯ ಬಡವರ ಕಾನೂನನ್ನು ತಿದ್ದಿ ಬಿಗಿಗೊಳಿಸಿದಾಗ, ಅದನ್ನು ರೂಪಿಸಿದ ಮಹನೀಯರ ಮನಸ್ಸಿನಲ್ಲಿದ್ದವನು ಮೈಯಲ್ಲಿ ಕಸುವಿದ್ದೂ ದುಡಿಯಲೊಲ್ಲದ ಸೋಮಾರಿಯೇ ಹೊರತು ದುಡಿದು ದುಡಿದು ಸವೆದುಹೋದ ಮುದುಕನಲ್ಲ. ಅಂಥ ಸೋಮಾರಿಯನ್ನು ದಾರಿಗೆ ತರಲೆಂದು ಅವರು ನೆಚ್ಚಿದ ಉಪಾಯವೇ ವರ್ಕ್‌ಹೌಸು. ಊರಿನ ತೆರಿಗೆಯ ಹಣದಿಂದ ಅನ್ನ ಬೇಡುವವನು ಮನೆಮಾರು ತೊರೆದು ಅದರೊಳಗೆ ಸೇರತಕ್ಕದ್ದು. ಅಲ್ಲಿ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳು ಇನ್ನೊಂದು ಕಡೆ ಇರತಕ್ಕದ್ದು. ಒಳಗಣ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತಲೂ ಒಂದು ಮೆಟ್ಟಿಲು ಕೆಳಗೇ ನಿಲ್ಲತಕ್ಕದ್ದು ಎಂಬುದು ಆ ಕಾನೂನಿನ ಮೂಲಸೂತ್ರವಾಗಿದ್ದಿತು. ಕಸುವುಳ್ಳವನು ಈ ಕಟ್ಟಡವನ್ನು ಕಂಡು ಹೆದರಿ ದೂರ ಸರಿದನು. ಹೆದರಿದರೂ ಸರಿಯಲು ಶಕ್ತಿಯಿಲ್ಲದವರು ಒಳಗೆ ಬಂದರು. ಒಂದು ತಲೆಮಾರು ಕಳೆಯುವುದರೊಳಗಾಗಿ, ಸೋಮಾರಿಗಳಿಗಾಗಿ ಕಟ್ಟಿದ ಆ ಮನೆಗಳು ವೃದ್ಧರಿಂದಲೂ, ಕುರುಡರಿಂದಲೂ, ಲಕ್ವ ಹೊಡೆದವರಿಂದಲೂ, ಬುದ್ಧಿ ಮಂಕಾದವರಿಂದಲೂ ತುಂಬಿಹೋಗಿ, ಯಾರೂ ಬಯಸದೆಯೇ ದೇಶದ ಅತಿ ದೊಡ್ಡ ಆಸ್ಪತ್ರೆಗಳಾಗಿದ್ದವು.

ಹಾಗಾದರೆ ನಿಜವಾದ ಆಸ್ಪತ್ರೆಗಳು ಇರಲಿಲ್ಲವೇ ಎಂದರೆ, ಇದ್ದವು. ದಾನಿಗಳ ಹಣದಿಂದ ನಡೆಯುತ್ತಿದ್ದ ಪ್ರಖ್ಯಾತ ಧರ್ಮಾಸ್ಪತ್ರೆಗಳು ಲಂಡನ್ನಿನಲ್ಲಿ ಹಲವಿದ್ದವು. ಆದರೆ ದಾನಿಗೆ ಬೇಕಾದುದು ಬೇಗ ಗುಣ ಕಂಡು ಮನೆಗೆ ನಡೆದುಹೋಗುವ ರೋಗಿ. ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುವ ಗುರುವಿಗೆ ಬೇಕಾದುದು ಕುತೂಹಲ ಕೆರಳಿಸುವ ರೋಗ. ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗುವ ಮುದುಕನು ಈ ಎರಡರಲ್ಲಿ ಒಂದನ್ನೂ ಕೊಡಲಾರನಾದುದರಿಂದ ಆ ಬಾಗಿಲುಗಳು ಅವನಿಗೆ ಮುಚ್ಚಿದ್ದವು. ವರ್ಕ್‌ಹೌಸಿನಲ್ಲಾದರೋ ಅವನ ಆರೈಕೆಗೆ ನಿಂತವರು ಅಲ್ಲಿಯೇ ಅನ್ನಕ್ಕೆ ಬಂದು ಸೇರಿದ್ದ ಇತರ ಬಡವರು. ಅವರಲ್ಲಿ ಬಹುಮಂದಿ ತಾವೇ ಮುದುಕರು, ಅನೇಕರು ಅನಕ್ಷರಸ್ಥರು, ಔಷಧದ ಸೀಸೆಯ ಮೇಲಿನ ಚೀಟಿಯನ್ನು ಓದಲಾರದವರು. ಅವರ ಸೇವೆಗೆ ಸಲ್ಲುತ್ತಿದ್ದ ಪ್ರತಿಫಲ ಹಲವು ಕಡೆ ಒಂದಿಷ್ಟು ಹೆಚ್ಚು ಊಟ, ಒಂದಿಷ್ಟು ಬಿಯರು.

ಲಂಡನ್ನಿನ ಕ್ಲೀವ್‌ಲೆಂಡ್ ಬೀದಿಯಲ್ಲಿದ್ದ ಸ್ಟ್ರ್ಯಾಂಡ್ ವರ್ಕ್‌ಹೌಸಿಗೆ 1856ರಲ್ಲಿ ವೈದ್ಯಾಧಿಕಾರಿಯಾಗಿ ಬಂದ ಜೋಸೆಫ್ ರಾಜರ್ಸನ ಅನುಭವವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರಾಜರ್ಸನಿಗೆ ವರ್ಷಕ್ಕೆ 50 ಪೌಂಡು ಸಂಬಳ, ರೋಗಿಗಳಿಗೆ ಬೇಕಾಗುವ ಸಮಸ್ತ ಔಷಧವನ್ನೂ ಆತನು ಆ ಸಂಬಳದಿಂದಲೇ ಕೊಂಡು ಒದಗಿಸಬೇಕಾಗಿದ್ದಿತು. ಇದರ ಅರ್ಥವೇನೆಂದರೆ, ವೈದ್ಯನು ಎಷ್ಟೆಷ್ಟು ದಯಾಳುವಾಗುವನೋ ಅಷ್ಟಷ್ಟು ಅವನ ಮನೆಯವರು ಉಪವಾಸ ಬೀಳುವರು. ವ್ಯವಸ್ಥೆಯೊಂದು ದಯೆಗೆ ದಂಡ ವಿಧಿಸುವ ರೀತಿಗೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ನಾನು ಕಾಣೆ. ಸಾಲದುದಕ್ಕೆ, ರೋಗಿಗಳ ವಾರ್ಡಿನ ಕಿಟಕಿಗಳ ಕೆಳಗಣ ಅಂಗಳದಲ್ಲಿ ಹೊರಗಿನವರ ಜಮಖಾನೆಗಳನ್ನು ತಂದು ಬಡಿದು ಧೂಳು ಕೊಡವುವ ಉದ್ಯೋಗ ಸಂಸ್ಥೆಯ ಆದಾಯಕ್ಕೆಂದು ಸಾಂಗವಾಗಿ ನಡೆಯುತ್ತಿದ್ದಿತು. ಆ ಸದ್ದು, ಆ ಧೂಳು ಎರಡೂ ಮೇಲೆ ಮಲಗಿ ಕೆಮ್ಮುತ್ತಿದ್ದವರ ಪಾಲಿಗೆ. ರಾಜರ್ಸನು ವರ್ಷಗಳ ಕಾಲ ಹೋರಾಡಿದನು, ಕೆಲವು ಸುಧಾರಣೆಗಳನ್ನು ಗಳಿಸಿದನು, ಕಡೆಗೆ 1868ರಲ್ಲಿ ಆ ಹುದ್ದೆಯನ್ನೇ ಕಳೆದುಕೊಂಡನು.

ಅಷ್ಟರಲ್ಲಿ ಸಾರ್ವಜನಿಕರ ಕಣ್ಣು ತೆರೆಸುವಂಥ ಪ್ರಸಂಗವೊಂದು ನಡೆದುಹೋಗಿದ್ದಿತು. 1864ರ ಡಿಸೆಂಬರಿನಲ್ಲಿ ಟಿಮೊಥಿ ಡೇಲಿ ಎಂಬ ಐರಿಷ್ ಕೂಲಿಯಾಳು, ಹೋಬರ್ನ್ ವರ್ಕ್‌ಹೌಸಿನಲ್ಲಿ ಕೀಲುವಾತಜ್ವರದಿಂದ ಮಲಗಿದ್ದಾಗ ಮೈಯೆಲ್ಲ ಹಾಸಿಗೆ ಹುಣ್ಣಾಗಿ, ಕಡೆಗೆ ಪ್ರಾಣ ಬಿಟ್ಟನು. ಅವನನ್ನು ಕೊಂದುದು ಜ್ವರಕ್ಕಿಂತ ಹೆಚ್ಚಾಗಿ ಉಪೇಕ್ಷೆ ಎಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಫ್ಲಾರೆನ್ಸ್ ನೈಟಿಂಗೇಲಳು ಬಡವರ ಕಾನೂನಿನ ಮಂಡಲಿಯ ಅಧ್ಯಕ್ಷನಾಗಿದ್ದ ಚಾರ್ಲ್ಸ್ ವಿಲಿಯರ್ಸನಿಗೆ ಪತ್ರ ಬರೆದಳು. ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆ ತಾನೇ ವೈದ್ಯರ ತಂಡವೊಂದನ್ನು ನೇಮಿಸಿ, 1865ರಿಂದ ಲಂಡನ್ನಿನ ವರ್ಕ್‌ಹೌಸುಗಳ ರೋಗಿಶಾಲೆಗಳನ್ನು ಒಂದೊಂದಾಗಿ ನೋಡಿಸಿ ವರದಿಗಳನ್ನು ಅಚ್ಚು ಹಾಕಿತು. ಅದೇ ವರ್ಷ ಲಿವರ್‌ಪೂಲಿನ ಬ್ರೌನ್ಲೋ ಹಿಲ್ ವರ್ಕ್‌ಹೌಸಿಗೆ, ವಿಲಿಯಂ ರ್‍ಯಾತ್‌ಬೋನ್ ಎಂಬ ವರ್ತಕನ ಧನಸಹಾಯದಿಂದ, ಆ್ಯಗ್ನೆಸ್ ಜೋನ್ಸ್ ಎಂಬ ದಾದಿ ನೈಟಿಂಗೇಲಳ ಶಾಲೆಯಲ್ಲಿ ತರಬೇತಾದ ಹನ್ನೆರಡು ದಾದಿಯರೊಡನೆ ಬಂದಳು. ಸಾವಿರಕ್ಕೂ ಮಿಕ್ಕ ರೋಗಿಗಳಿದ್ದ ಆ ಮನೆಯಲ್ಲಿ ಅವಳು ಮೂರು ವರ್ಷವೂ ಉಳಿಯಲಿಲ್ಲ. 1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರ ತಗಲಿ ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಸಾವಿಗೆ ಮೊದಲೇ, ಪತ್ರಿಕೆಗಳ ಗದ್ದಲದ ಫಲವಾಗಿ 1867ರಲ್ಲಿ ಲಂಡನ್ನಿನ ಮಟ್ಟಿಗೆ ಶಾಸನವೊಂದು ಬಂದು, ರೋಗಿಶಾಲೆಗಳು ವರ್ಕ್‌ಹೌಸಿನಿಂದ ಬೇರೆಯಾಗಿ ನಿಲ್ಲುವುದಕ್ಕೆ ಅವಕಾಶವಾಯಿತು. ವೆಚ್ಚವನ್ನು ಇಡೀ ನಗರ ಹಂಚಿಕೊಳ್ಳುವ ನಿಧಿಯೂ ಏರ್ಪಟ್ಟಿತು.

ಮುಂದಿನ ಅರ್ಧ ಶತಮಾನವನ್ನು ಬೇಗನೆ ದಾಟಬಹುದು. ಕಟ್ಟಡಗಳು ದೊಡ್ಡವಾದವು, ತರಬೇತಾದ ದಾದಿಯರು ಬಂದರು. 1909ರ ಜನವರಿ 1ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗ್ ಪಿಂಚಣಿ ದೊರೆಯತೊಡಗಿ, ಬರಿಯ ಬಡತನದಿಂದಲೇ ವರ್ಕ್‌ಹೌಸು ಸೇರಬೇಕಾದ ಗತಿ ಹಲವರಿಗೆ ತಪ್ಪಿತು. 1929ರ ಶಾಸನದಿಂದ, ವರ್ಕ್‌ಹೌಸುಗಳನ್ನು ನಡೆಸುತ್ತಿದ್ದ ಪೋಷಕ ಮಂಡಲಿಗಳು ರದ್ದಾಗಿ, ಅವುಗಳ ಆಸ್ಪತ್ರೆಗಳು ಕೌಂಟಿ ಮತ್ತು ನಗರಸಭೆಗಳ ಕೈ ಸೇರಿದವು. ಆದರೆ ‘ದೀರ್ಘರೋಗಿ’ ಎಂಬ ಹಣೆಪಟ್ಟಿ ಬಿದ್ದವನ ಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. ಅವನಿಗೆ ಹಾಸಿಗೆ ಇತ್ತು, ಅನ್ನವಿತ್ತು, ಮೊದಲಿಗಿಂತ ಶುಭ್ರವಾದ ಹೊದಿಕೆಯಿತ್ತು, ಇಲ್ಲದಿದ್ದುದು ರೋಗನಿದಾನವೊಂದೇ. ಅವನಿಗಿರುವ ರೋಗ ಯಾವುದು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ವೃದ್ಧಾಪ್ಯವೇ ರೋಗವೆಂದು ಎಲ್ಲರೂ ಒಪ್ಪಿಬಿಟ್ಟಿದ್ದರು.

ಆ ಪ್ರಶ್ನೆಯನ್ನು ಕ್ರಮವಾಗಿ, ಒಬ್ಬೊಬ್ಬರ ಹಾಸಿಗೆಯ ಬಳಿಯೂ ನಿಂತು ಕೇಳಿದವರು ಡಾಕ್ಟರ್ ಮಾರ್ಜರಿ ವಾರನ್. 1897ರಲ್ಲಿ ಹುಟ್ಟಿ, 1923ರಲ್ಲಿ ವೈದ್ಯ ಪದವಿ ಪಡೆದು, 1926ರಲ್ಲಿ ಲಂಡನ್ನಿನ ಪಶ್ಚಿಮದಂಚಿನ ಐಲ್‌ವರ್ತಿನಲ್ಲಿದ್ದ ಆಸ್ಪತ್ರೆಗೆ ಸಹಾಯಕ ವೈದ್ಯಾಧಿಕಾರಿಯಾಗಿ ಬಂದ ಈಕೆಗೆ ಮೊದಲು ಒಲವಿದ್ದುದು ಶಸ್ತ್ರಚಿಕಿತ್ಸೆಯಲ್ಲಿ. ಮುಂದೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೆನಿಸಿದ ಆ ಸಂಸ್ಥೆ 1935ರಲ್ಲಿ ಪಕ್ಕದ ಬಡವರ ರೋಗಿಶಾಲೆಯನ್ನು ತನ್ನೊಳಗೆ ಸೇರಿಸಿಕೊಂಡಾಗ, ಅಲ್ಲಿದ್ದ 714 ಮಂದಿಯ ಭಾರ ಈಕೆಯ ಪಾಲಿಗೆ ಬಂದಿತು. ಹೆರಿಗೆಗೆ ಬಂದ ಅವಿವಾಹಿತೆಯರು, ಮೂರ್ಛೆರೋಗಿಗಳು, ಮತಿ ಚಂಚಲವಾದವರು, ಲಕ್ವ ಹೊಡೆದು ಮಲಗಿದವರು, ಬರಿದೆ ಮುಪ್ಪಿನವರು ಎಲ್ಲರೂ ಒಂದೇ ಸೂರಿನಡಿ ಬೆರೆತು ಬಿದ್ದಿದ್ದರು. ಬಹುಮಂದಿ ಒಳಗೆ ಬಂದ ದಿನ ಹಾಸಿಗೆ ಏರಿದವರು. ಇಳಿಯಬೇಕೆಂದು ಯಾರೂ ಹೇಳದ ಕಾರಣದಿಂದಲೇ ಇಳಿಯದೆ ಉಳಿದವರು. ಮಡಿಸಿದ ಮೊಣಕಾಲು ಮಡಿಸಿದಂತೆಯೇ ಸೆಟೆದುಹೋಗುವುದು, ಸ್ನಾಯುಗಳು ಕರಗುವುದು, ಬೆನ್ನಿನಲ್ಲಿ ಹುಣ್ಣೇಳುವುದು, ಮಲಮೂತ್ರದ ಹಿಡಿತ ತಪ್ಪುವುದು, ಕಡೆಗೆ ಬದುಕಿನ ಆಸೆಯೇ ಆರುವುದು, ಇವೆಲ್ಲವೂ ಮುಪ್ಪಿನ ಲಕ್ಷಣಗಳೆಂದು ದಾಖಲೆಗಳಲ್ಲಿ ಬರೆದಿರುತ್ತಿದ್ದವು. ಇವುಗಳಲ್ಲಿ ಬಹುಪಾಲು ಹಾಸಿಗೆಯದೇ ಕೊಡುಗೆಯೆಂಬುದನ್ನು ವಾರನ್ ಕಂಡುಕೊಂಡರು.

ಅವರು ಮಾಡಿದುದರಲ್ಲಿ ಮಂತ್ರವಿರಲಿಲ್ಲ, ಹೊಸ ಔಷಧವೂ ಇರಲಿಲ್ಲ. ಪ್ರತಿಯೊಬ್ಬ ರೋಗಿಯನ್ನೂ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ರೋಗವೇನೆಂದು ಬರೆದರು. ಎದ್ದು ಓಡಾಡಬಲ್ಲವರು, ಹಿಡಿತವುಳ್ಳವರು, ಹಿಡಿತ ತಪ್ಪಿದವರು, ಮಂಕಾಗಿಯೂ ಶಾಂತರಾದವರು, ಮಂಕಾಗಿ ಗದ್ದಲವೆಬ್ಬಿಸುವವರು ಎಂದು ವಿಂಗಡಿಸಿ ಬೇರೆ ಬೇರೆ ಇರಿಸಿದರು. ಕತ್ತಲೆಗವಿದ ವಾರ್ಡುಗಳಿಗೆ ತಿಳಿಬಣ್ಣ ಬಳಿಸಿ, ದೀಪ ಹೆಚ್ಚಿಸಿ, ಹಾಸಿಗೆಗಳಿಗೆ ಬಣ್ಣದ ಹೊದಿಕೆ ಹೊದಿಸಿದರು. ಹಿಡಿದು ನಡೆಯಲು ಆಸರೆಯ ಕಂಬಿ ಹಾಕಿಸಿದರು, ಕೂರಲು ತಕ್ಕ ಕುರ್ಚಿ ತರಿಸಿದರು. ಲಕ್ವ ಹೊಡೆದವನಿಗೆ ಒಂದೇ ಕೈಯಿಂದ ಅಂಗಿ ತೊಡುವುದನ್ನೂ, ಕಾಲು ಕಳೆದುಕೊಂಡ ಮುದುಕಿಗೆ ಮರಗಾಲಿನ ಮೇಲೆ ನಿಲ್ಲುವುದನ್ನೂ, ಮಗುವಿಗೆ ಹೆಜ್ಜೆ ಕಲಿಸುವ ತಾಯಿಯ ತಾಳ್ಮೆಯಿಂದ ಕಲಿಸಿದರು. ಇದರಲ್ಲಿ ವೈದ್ಯನೊಬ್ಬನ ಪಾತ್ರ ಅಲ್ಪವೆಂದೂ, ದಾದಿ, ಅಂಗಸಾಧನೆ ಮಾಡಿಸುವವರು, ಕೈಕಸುಬು ಕಲಿಸುವವರು, ರೋಗಿಯ ಮನೆಯ ಸ್ಥಿತಿಗತಿ ವಿಚಾರಿಸುವ ಸಮಾಜಸೇವಕಿ ಎಲ್ಲರೂ ಕೂಡಿದಾಗಲೇ ಕೆಲಸ ಸಾಗುವುದೆಂದೂ ಅವರು ಮನಗಂಡಿದ್ದರು. ಫಲವೇನೆಂದರೆ, ಹಲವರು ಮನೆಗೆ ಮರಳಿದರು, ಕೆಲವರು ವೃದ್ಧಾಶ್ರಮಗಳಿಗೆ ಹೋದರು. 714 ಹಾಸಿಗೆಗಳಿದ್ದಲ್ಲಿ ಸುಮಾರು 240 ಸಾಕಾದವು, ಮಿಕ್ಕವು ಬೇರೆ ರೋಗಿಗಳಿಗೆ ದೊರೆತವು. 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿಯೂ 1946ರಲ್ಲಿ ಲ್ಯಾನ್ಸೆಟ್ಟಿನಲ್ಲಿಯೂ ಪ್ರಕಟವಾದ ಅವರ ಲೇಖನಗಳು, ವೃದ್ಧರ ಚಿಕಿತ್ಸೆ ವೈದ್ಯಶಾಸ್ತ್ರದ ಪ್ರತ್ಯೇಕ ಶಾಖೆಯಾಗಬೇಕು, ಅದು ಸಾಮಾನ್ಯ (ಜನರಲ್) ಆಸ್ಪತ್ರೆಯ ಒಳಗೇ ಇರಬೇಕು, ವಿದ್ಯಾರ್ಥಿಗಳು ಅದನ್ನು ಕಲಿಯಬೇಕು ಎಂದು ವಾದಿಸಿದವು. ಈ ಮೂರರಲ್ಲಿ ಎರಡನೆಯದೇ ನನಗೆ ದೊಡ್ಡದಾಗಿ ತೋರುತ್ತದೆ. ಊರ ಹೊರಗಿನ ಕಟ್ಟಡಕ್ಕೆ ತಳ್ಳಿದ ರೋಗಿಯನ್ನು ಜಾಣ ವೈದ್ಯನು ಹುಡುಕಿಕೊಂಡು ಹೋಗುವುದು ಅಪರೂಪ.

ಯುದ್ಧದ ವರ್ಷಗಳಲ್ಲಿ ಎಸೆಕ್ಸಿನ ಆರ್ಸೆಟ್ಟಿನಲ್ಲಿ ಲಯೊನೆಲ್ ಕೋಸಿನ್ ಎಂಬ ಶಸ್ತ್ರವೈದ್ಯರು, ತೊಡೆಯ ಮೂಳೆ ಮುರಿದ ಮುದುಕಿಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗನೆ ಎಬ್ಬಿಸಿ ನಡೆಸಿದರು. ಮುಂದೆ ಆಕ್ಸ್‌ಫರ್ಡಿನಲ್ಲಿ ಅವರೇ, ವೃದ್ಧರು ಹಗಲು ಬಂದು ಚಿಕಿತ್ಸೆ ಪಡೆದು ಸಂಜೆ ಮನೆಗೆ ಮರಳುವ ಹಗಲಾಸ್ಪತ್ರೆಯನ್ನು ನಡೆಸಿ ತೋರಿಸಿದರು. 1947ರಲ್ಲಿ ವೃದ್ಧರ ಆರೈಕೆಗೆಂದು ವೈದ್ಯರ ಸಂಘವೊಂದು ಹುಟ್ಟಿತು. ಅದೇ ವರ್ಷ ರಿಚರ್ಡ್ ಆ್ಯಷರ್ ಎಂಬ ವೈದ್ಯರು, ಹಾಸಿಗೆಯಲ್ಲಿ ಮಲಗುವುದರ ಅಪಾಯಗಳನ್ನು ಕುರಿತ ತಮ್ಮ ಚುರುಕಾದ ಲೇಖನವನ್ನು ಪ್ರಕಟಿಸಿದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದು, ಹಳೆಯ ರೋಗಿಶಾಲೆಗಳೆಲ್ಲ ಅದರ ವಶವಾದವು. ಆದರೆ ಅದೇ ದಿನ ಜಾರಿಗೆ ಬಂದ ಮತ್ತೊಂದು ಶಾಸನ, ಬಡವರ ಕಾನೂನನ್ನು ಅಳಿಸುತ್ತಲೇ, ಒಂದು ಗೆರೆಯನ್ನು ಎಳೆಯಿತು: ರೋಗಕ್ಕೆ ಆರೈಕೆ ಬೇಕಾದವನು ಆಸ್ಪತ್ರೆಯಲ್ಲಿ ಉಚಿತವಾಗಿ ಇರಬಹುದು, ಮುಪ್ಪಿಗೆ ಆರೈಕೆ ಬೇಕಾದವನು ಸ್ಥಳೀಯ ಸಂಸ್ಥೆಯ ವಸತಿಯಲ್ಲಿ ತನ್ನ ಆದಾಯಕ್ಕೆ ತಕ್ಕಂತೆ ಹಣ ತೆತ್ತು ಇರಬೇಕು. ಎಂಬತ್ತೈದು ವಯಸ್ಸಿನ ದೇಹದಲ್ಲಿ ರೋಗವೆಲ್ಲಿ ಮುಗಿಯಿತು, ಮುಪ್ಪೆಲ್ಲಿ ತೊಡಗಿತು ಎಂದು ಹೇಳಬಲ್ಲ ಗುಮಾಸ್ತನನ್ನು ಆ ಶಾಸನ ಒದಗಿಸಲಿಲ್ಲ. ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಇಂಥ 173 ವಸತಿಗೃಹಗಳನ್ನು ಕಣ್ಣಾರೆ ಕಂಡು 1962ರಲ್ಲಿ ಗ್ರಂಥ ಹೊರತಂದಾಗ, ಹಳೆಯ ವರ್ಕ್‌ಹೌಸು ಕಟ್ಟಡಗಳಲ್ಲಿ ಸಾವಿರಾರು ವೃದ್ಧರು ಇನ್ನೂ ದಿನ ನೂಕುತ್ತಿದ್ದುದು ಬೆಳಕಿಗೆ ಬಂದಿತು. ವಾರನ್ ಇದನ್ನು ನೋಡಲು ಉಳಿದಿರಲಿಲ್ಲ. 1960ರಲ್ಲಿ ಯುರೋಪಿನ ಪ್ರವಾಸದಲ್ಲಿದ್ದಾಗ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು.

1962ರಲ್ಲಿಯೇ ಡೊರೀನ್ ನಾರ್ಟನ್ ಎಂಬ ದಾದಿ, ಇಬ್ಬರು ಸಹೋದ್ಯೋಗಿಗಳೊಡನೆ, ಆಸ್ಪತ್ರೆಯ ವೃದ್ಧರ ಶುಶ್ರೂಷೆಯನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಹಾಸಿಗೆ ಹುಣ್ಣನ್ನು ತಡೆಯಲೆಂದು ತಲೆಮಾರುಗಳ ಕಾಲ ದಾದಿಯರು ರೋಗಿಯ ಬೆನ್ನಿಗೆ ಬಗೆಬಗೆಯ ಲೇಪಗಳನ್ನು ತಿಕ್ಕುತ್ತ ಬಂದಿದ್ದರು. ಲೇಪಗಳಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವುದೇ ನಿಜವಾದ ಉಪಾಯ ಎಂದು ಅವರು ತೋರಿಸಿದರು. ಯಾವ ರೋಗಿಗೆ ಹುಣ್ಣಿನ ಭಯ ಹೆಚ್ಚು ಎಂದು ಮೊದಲೇ ಅಳೆಯುವುದಕ್ಕಾಗಿ ದೇಹಸ್ಥಿತಿ, ಮನಸ್ಸಿನ ಸ್ಥಿತಿ, ಚಟುವಟಿಕೆ, ಚಲನೆ, ಮಲಮೂತ್ರದ ಹಿಡಿತ ಎಂಬ ಐದಕ್ಕೂ ಅಂಕ ಕೊಡುವ ಪದ್ಧತಿಯನ್ನೂ ರೂಪಿಸಿದರು. ಅದು ನಾರ್ಟನ್ ಮಾನವೆಂದು ಇಂದಿಗೂ ಹೆಸರುವಾಸಿಯಾಗಿದೆ.

ಈ ಚರಿತ್ರೆಯಲ್ಲಿ ನಮ್ಮ ದೇಶದವರ ಪಾಲೂ ಸಣ್ಣದಲ್ಲ. ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ವೃದ್ಧರ ಚಿಕಿತ್ಸೆಯ ಹೊಸ ಶಾಖೆಗೆ ಹುದ್ದೆಗಳು ಹುಟ್ಟಿದವು. ಆದರೆ ಹೃದಯವನ್ನೋ ಮಿದುಳನ್ನೋ ಕುರಿತ ಗೌರವದ ಶಾಖೆಗಳಲ್ಲಿ ಸ್ಥಾನ ಗಳಿಸಬಲ್ಲ ಬ್ರಿಟಿಷ್ ತರುಣ ವೈದ್ಯರು ಅತ್ತ ತಿರುಗಿ ನೋಡಲಿಲ್ಲ. ಭಾರತ ಉಪಖಂಡದಿಂದ ಹೋಗಿದ್ದ ವೈದ್ಯರಿಗಾದರೋ ಆ ಗೌರವದ ಬಾಗಿಲುಗಳು ಸುಲಭವಾಗಿ ತೆರೆಯುತ್ತಿರಲಿಲ್ಲ. ಹೀಗೆ ಹೊರಗೆ ನಿಲ್ಲಿಸಲ್ಪಟ್ಟ ವೈದ್ಯರೂ, ಹೊರಗೆ ನಿಲ್ಲಿಸಲ್ಪಟ್ಟ ರೋಗಿಗಳೂ ಒಂದೇ ವಾರ್ಡಿನಲ್ಲಿ ಸಂಧಿಸಿದರು. ಬೇರೆ ಗತಿಯಿಲ್ಲದೆ ಆ ಕೆಲಸಕ್ಕೆ ಇಳಿದವರು ಹಲವರು. ಇಳಿದ ಮೇಲೆ ಅದರಲ್ಲಿಯೇ ನೆಲೆನಿಂತು, ವಿಭಾಗಗಳನ್ನು ಕಟ್ಟಿ, ಮುಖ್ಯ ವೈದ್ಯರಾಗಿ ನಿವೃತ್ತರಾದವರೂ ಅವರಲ್ಲಿದ್ದಾರೆ. ಇತ್ತ ಭಾರತದಲ್ಲಿ, 1978ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಪ್ರತ್ಯೇಕ ಹೊರರೋಗಿ ವಿಭಾಗವನ್ನು ಡಾಕ್ಟರ್ ವಿ. ಎಸ್. ನಟರಾಜನ್ ತೆರೆದಾಗ, ನಮ್ಮ ನೆಲದಲ್ಲಿಯೂ ಈ ವಿದ್ಯೆಗೆ ಸರ್ಕಾರಿ ಆಸ್ಪತ್ರೆಯ ಒಳಗೇ ಒಂದು ಕೋಣೆ ದೊರೆಯಿತು.