ಹಾಡಾಗಿ ಮನೆ ಸೇರಿದ ತತ್ವ



ತತ್ವಶಾಸ್ತ್ರ ಪಂಡಿತರ ಸೊತ್ತು, ಸಂಗೀತ ಮನರಂಜನೆಯ ಸಾಧನ ಎಂದು ನಾವು ಸಾಮಾನ್ಯವಾಗಿ ಇವೆರಡನ್ನು ಬೇರ್ಪಡಿಸುತ್ತೇವೆ. ಪ್ರಾಚೀನ ಚೀನಾದ ಕನ್‌ಫ್ಯೂಷಿಯಸ್ ಹಾಗೆ ಭಾವಿಸಲಿಲ್ಲ. ಆಚಾರ ಮತ್ತು ಸಂಗೀತ ಎರಡೂ ಕೂಡಿ ಮನುಷ್ಯನನ್ನು ತಿದ್ದುತ್ತವೆ ಎಂಬುದು ಅವನ ನಿಲುವು. ನಮ್ಮ ಉಡುಪಿ, ಕಾರ್ಕಳಗಳ ಇತಿಹಾಸವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ.

ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ದ್ವೈತ ಸಿದ್ಧಾಂತವನ್ನು ಸಂಸ್ಕೃತ ಗ್ರಂಥಗಳಲ್ಲಿ ಪ್ರತಿಪಾದಿಸಿದರು. ಜೀವನು ದೇವರಲ್ಲ, ದೇವರನ್ನು ಆಶ್ರಯಿಸಿ ಬಾಳುವವನು ಎಂಬುದು ಅದರ ತಿರುಳು. ಭಾಷ್ಯಗಳನ್ನು ಓದಬಲ್ಲವರು ಕೆಲವರೇ. ಆದರೆ 'ದಾಸ' ಎಂಬ ಒಂದೇ ಪದ ಆ ತಿರುಳನ್ನು ಜನಸಾಮಾನ್ಯರ ಎದೆಗೆ ಮುಟ್ಟಿಸಿತು. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು, ಕನಕದಾಸರು ಅದನ್ನು ಕನ್ನಡದಲ್ಲಿ ಹಾಡಿದರು. ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ವಿಸ್ತರಿಸಿದ ಸೋದೆ ಮಠದ ವಾದಿರಾಜರು ಸಂಸ್ಕೃತದಲ್ಲಿ ವಾದಗ್ರಂಥಗಳನ್ನು ಬರೆದ ಕೈಯಿಂದಲೇ 'ಲಕ್ಷ್ಮೀ ಶೋಭಾನೆ'ಯನ್ನೂ ರಚಿಸಿದರು. ಶಾಸ್ತ್ರಪಾಠದ ಬಾಗಿಲು ತೆರೆಯದಿದ್ದ ಹೆಂಗಳೆಯರು ಮದುವೆಮನೆಯಲ್ಲಿ ಅದನ್ನು ಹಾಡುತ್ತಾ ಆ ಪರಂಪರೆಯ ವಾರಸುದಾರರಾದರು.

ಕಾರ್ಕಳದ ಭೈರರಸರ ಆಸ್ಥಾನದಲ್ಲಿದ್ದನೆಂದು ಹೇಳಲಾಗುವ ಜೈನ ಕವಿ ರತ್ನಾಕರವರ್ಣಿಯೂ 16ನೆಯ ಶತಮಾನದಲ್ಲಿ ಇದೇ ದಾರಿ ಹಿಡಿದನು. ಭೋಗದ ನಡುವೆಯೂ ಯೋಗಿಯಾಗಿ ಬಾಳಿದ ಭರತ ಚಕ್ರವರ್ತಿಯ ಕಥೆಗೆ ಅವನು ಆರಿಸಿಕೊಂಡದ್ದು ಹಾಡಲು ಒಗ್ಗುವ ಸಾಂಗತ್ಯವನ್ನು.

1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಬಂದವರು ಅನ್ಯಧರ್ಮದ ಹಾಡುಗಳಿಗೆ ಕಿವಿಗೊಟ್ಟದ್ದು ಸಣ್ಣ ಮಾತಲ್ಲ. ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸಾರಿತು. ಅದಕ್ಕೂ ಶತಮಾನದ ಹಿಂದೆ ನಮ್ಮ ಕರಾವಳಿಯಲ್ಲಿ ಆ ಗೌರವದ ಒಂದು ಕುರುಹು ಮೂಡಿತ್ತು.

ಆದರೆ ಅಚ್ಚು ಪದಗಳನ್ನು ಉಳಿಸೀತು, ಧಾಟಿಯನ್ನಲ್ಲ. ಧಾಟಿ ಉಳಿಯುವುದು ಕಂಠದಿಂದ ಕಂಠಕ್ಕೆ ದಾಟಿದಾಗ ಮಾತ್ರ. ಶೋಭಾನೆಗೆ ಅನ್ವಯಿಸುವ ಈ ಮಾತು ನಮ್ಮ ಮನೆಗಳ ರೋಸಿನ ದಿನದ ವೊವಿಯೊಗಳಿಗೂ ಅನ್ವಯಿಸುತ್ತದೆ. ಧ್ವನಿವರ್ಧಕದ ಅಬ್ಬರದಲ್ಲಿ ಅಜ್ಜಿಯ ದನಿ ಕೇಳಿಸದೆ ಹೋದರೆ, ಆಕೆ ಬಲ್ಲ ಹಾಡು ಆಕೆಯೊಡನೆಯೇ ಮುಗಿಯುತ್ತದೆ. ಮುಂದಿನ ಮದುವೆಯ ಹಿಂದಿನ ಸಂಜೆ ಮಕ್ಕಳನ್ನು ಆಕೆಯ ಪಕ್ಕದಲ್ಲಿ ಕೂರಿಸುವಿರಾ?