ನಮ್ಮ ಕಾಫಿಯ ರುಚಿ ನಮಗೇ ಗೊತ್ತಿರಲಿಲ್ಲ

ಅರೇಹಳ್ಳಿಯಲ್ಲಿ ಹುಟ್ಟಿದವರಿಗೆ ಕಾಫಿಯ ಬಗ್ಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಎಂಬ ಜಂಬ ನನಗೂ ಇತ್ತು. ಹೂಮಳೆ ಯಾವಾಗ ಬಿದ್ದರೆ ಚೆನ್ನ, ಎಷ್ಟು ನೆರಳು ಬೇಕು, ಕಣದಲ್ಲಿ ಹರವಿದ ಬೀಜ ಒಣಗಿತೋ ಇಲ್ಲವೋ ಎಂದು ಹಲ್ಲಲ್ಲಿ ಕಚ್ಚಿ ಹೇಳುವುದು ಹೇಗೆ, ಇವೆಲ್ಲ ಮಾತು ಕಲಿತ ಹಾಗೆಯೇ ಬಂದುಬಿಡುತ್ತವೆ. ಆದರೆ ನಲವತ್ತು ದಾಟಿದ ಮೇಲೆ ಒಂದು ದಿನ, ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲದ ನಮ್ಮದೇ ತೋಟದ ಕಾಫಿಯನ್ನು ಚಮಚದಲ್ಲಿ ಹೀರಿದೆ. ಹೇಗಿದೆ ಎಂದು ಪಕ್ಕದವರು ಕೇಳಿದರು. ‘ಕಹಿ’ ಎಂಬುದನ್ನು ಬಿಟ್ಟು ನನ್ನಲ್ಲಿ ಇನ್ನೊಂದು ಪದವಿರಲಿಲ್ಲ.

ಯಾಕೆ ಹೀಗಾಯಿತು ಎಂದು ಯೋಚಿಸಿದರೆ ಚರಿತ್ರೆಗೇ ಕೈಹಾಕಬೇಕಾಗುತ್ತದೆ. ಬಾಬಾ ಬುಡನ್ ಏಳು ಬೀಜ ತಂದ ಕತೆ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರನ್ನು ಉಳಿಸಲು ಸರ್ಕಾರ ಮುಂದೆ ಬಂತು. 1942ರ ಕಾಯ್ದೆಯಡಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಾಯಿತು. ಮನೆಬಳಕೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು. ಉಳಿದದ್ದನ್ನು ಹೊರಗೆ ಮಾರುವಂತಿರಲಿಲ್ಲ. ಹಣ ಕಂತುಕಂತಾಗಿ ಬರುತ್ತಿತ್ತು. ಬೇರೆಬೇರೆ ತೋಟದ ಬೀಜ ಒಂದೇ ರಾಶಿಗೆ ಸೇರುತ್ತಿತ್ತು. ನಮ್ಮ ಹೊಳೆಬದಿಯ ತೋಟದ್ದೂ ಪಕ್ಕದ ಗುಡ್ಡದ್ದೂ ಕೊನೆಗೆ ಒಂದೇ.

ಮನೆಗೆ ಉಳಿಯುತ್ತಿದ್ದುದು ಯಾವುದು? ನೆಲಕ್ಕುದುರಿದ್ದು, ಒಡೆದದ್ದು, ಕಪ್ಪಾದದ್ದು. ಅಜ್ಜಿ ಅದನ್ನು ಬಾಣಲೆಯಲ್ಲಿ ಹೊಗೆಯೇಳುವವರೆಗೆ ಹುರಿದು, ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸುತ್ತಿದ್ದಳು. ಆ ಕಾಫಿಯ ಮೇಲೆ ನನಗೆ ಇವತ್ತಿಗೂ ಪ್ರೀತಿಯಿದೆ. ಆದರೆ ಅದರ ರುಚಿ ಬೆಲ್ಲದ್ದು, ಹೊಗೆಯದ್ದು. ನಮ್ಮ ಬೀಜದ ರುಚಿ ನೋಡುವ ನಾಲಿಗೆಗಳು ಬೆಂಗಳೂರಿನಲ್ಲಿದ್ದವು, ಮಂಡಳಿಯ ಪರೀಕ್ಷಾ ಕೋಣೆಯಲ್ಲಿ. ಸುನಾಲಿನಿ ಮೆನನ್ ಆ ಕೋಣೆ ಸೇರಿದ್ದು 1972ರಲ್ಲಿ. ಅದುವರೆಗೆ ಈ ಕೆಲಸ ಗಂಡಸರದ್ದೇ ಎಂಬಂತಿತ್ತು.

90ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದರಿಂದ ಊರಿಗೆ ಹೊಸ ಜೀಪುಗಳೂ ಬಂದವು. 2001ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿದಾಗ ‘ಪೂಲೇ ಇದ್ದಿದ್ದರೆ...’ ಎಂದು ಅಪ್ಪ ಜಗಲಿಯಲ್ಲಿ ಕೂತು ಗೊಣಗುತ್ತಿದ್ದರು. ಅವರ ಮಾತು ಸುಳ್ಳಲ್ಲ, ಸಣ್ಣ ಹಿಡುವಳಿದಾರನಿಗೆ ಅದು ನೆರಳಾಗಿತ್ತು. ಅದೇ ನೆರಳಿನಲ್ಲಿ ನಮ್ಮ ತಪ್ಪುಗಳೂ ಮುಚ್ಚಿಹೋಗಿದ್ದವು.

ನನಗದು ತಿಳಿದದ್ದು ಆ ದಿನದ ಚಮಚದಿಂದಲೇ. ನಮ್ಮ ಪಾರ್ಚ್‌ಮೆಂಟ್ ಕಾಫಿಗೆ ಅತಿ ಹುಳಿಯ ದೋಷವಿತ್ತು. ಪಲ್ಪರ್‌ನಿಂದ ಬಂದ ಬೀಜವನ್ನು ಅಂಟು ಬಿಡುವವರೆಗೆ ತೊಟ್ಟಿಯಲ್ಲಿ ಹುಳಿಯಲು ಬಿಡುತ್ತೇವಲ್ಲ, ಹೊತ್ತು ಮೀರಿದರೆ ಅದು ಹಳಸಿದ ಇಡ್ಲಿ ಹಿಟ್ಟಿನಂತೆ ನಾರುತ್ತದೆ. ತೊಳೆಯಲು ಆಳು ಸಿಗದ ದಿನ ‘ನಾಳೆ ನೋಡೋಣ’ ಎಂದದ್ದು ನಾನೇ.

ಆಮೇಲೆ ಕಲಿಯತೊಡಗಿದೆ. ವಿಧಾನ ಸರಳ. ಹದವಾಗಿ ಹುರಿದು ತರಿತರಿಯಾಗಿ ಪುಡಿ ಮಾಡಿ, 150 ಮಿಲಿಲೀಟರ್ ನೀರಿಗೆ ಸುಮಾರು 8 ಗ್ರಾಂ ಹಾಕುವುದು. ಮೊದಲು ಒಣಪುಡಿಯ ವಾಸನೆ. ಕುದಿ ಇಳಿದ ನೀರು ಸುರಿದು ನಾಲ್ಕು ನಿಮಿಷ ಸುಮ್ಮನಿರಬೇಕು. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆಯುವಾಗ ಮೂಗು ಬಟ್ಟಲಿನ ಹತ್ತಿರವೇ ಇರಲಿ, ಹೆಚ್ಚಿನ ಗುಟ್ಟು ಅಲ್ಲೇ ಹೊರಬೀಳುತ್ತದೆ. ಆಮೇಲೆ ಸೊರ್ರೆಂದು ಹೀರುವುದು. ಚಿಕ್ಕಂದಿನಲ್ಲಿ ಅದೇ ಸದ್ದಿಗೆ ಬೈಸಿಕೊಂಡವರಿಗೆ ಸಂಕೋಚವಾಗಬಹುದು, ಆದರೆ ಸದ್ದಿಲ್ಲದೆ ಪರಿಮಳ ಮೂಗಿನ ಹಿಂಭಾಗಕ್ಕೆ ಏರುವುದಿಲ್ಲ. ಒಂದೇ ಬಟ್ಟಲಿಟ್ಟುಕೊಂಡು ರುಚಿಗೆ ಹೆಸರು ಹುಡುಕಲು ಹೋಗಬೇಡಿ, ಸೋಲುತ್ತೀರಿ. ಮೂರು ಬಟ್ಟಲು ಪಕ್ಕಪಕ್ಕ ಇಡಿ. ಯಾವುದು ಬೇರೆ ಎಂಬುದನ್ನು ನಾಲಿಗೆ ತಾನೇ ಹೇಳುತ್ತದೆ. ಆರುತ್ತಾ ಬಂದ ಹಾಗೆ ಮತ್ತೆ ಹೀರಿ. ಪುಸ್ತಕದಲ್ಲಿರುವ ಬ್ಲೂಬೆರಿ, ಜಾಸ್ಮಿನ್ ನಮಗೇಕೆ? ಕಿತ್ತಳೆ ಸಿಪ್ಪೆ, ಹುಣಸೆ, ಜೋನಿಬೆಲ್ಲ, ಒದ್ದೆ ಗೋಣಿಚೀಲ ಸಾಕು.

ಯಾವುದು ಒಳ್ಳೆಯ ರುಚಿ ಎಂಬುದೂ ಅಭ್ಯಾಸದ ಮಾತೇ. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುತ್ತಿದ್ದ ನಮ್ಮ ಬೀಜ ಕಡಲ ತೇವಕ್ಕೆ ಊದಿ ಹಳದಿಯಾಗುತ್ತಿತ್ತಂತೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಹಬೆಹಡಗು ಬಂದು ಪಯಣ ಚಿಕ್ಕದಾದಾಗ ಯುರೋಪಿನವರಿಗೆ ಆ ಹಳೆಯ ರುಚಿಯೇ ಬೇಕೆನಿಸಿತಂತೆ. ಈಗ ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೊಡ್ಡಿ ಬೇಕೆಂದೇ ಹಾಗೆ ಮಾಡುತ್ತಾರೆ.

ಹೋದ ಕುಯ್ಲಿನಲ್ಲಿ ಜಗಲಿಯ ಮೇಲೆ ಮೂರು ಬಟ್ಟಲಿಟ್ಟೆ: ಬರೀ ಹಣ್ಣಿನದು, ಕಾಯಿ ಬೆರೆತದ್ದು, ತೊಟ್ಟಿಯಲ್ಲಿ ಹೊತ್ತು ಮೀರಿದ್ದು. ಹಣ್ಣು ಬಿಡಿಸಿ ಬಂದ ಹೆಂಗಸರನ್ನು ಕರೆದೆ. ನಾಚಿಕೊಂಡು ಸೆರಗಲ್ಲಿ ಬಾಯಿ ಮುಚ್ಚಿ ನಕ್ಕರು. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ದುಡಿಯುತ್ತಿರುವ ಒಬ್ಬಾಕೆ ಮಾತ್ರ ಮುಂದೆ ಬಂದು ಮೂರನ್ನೂ ಹೀರಿದಳು. ಎರಡನೆಯದನ್ನು ದೂರ ತಳ್ಳಿ, ‘ಇದ್ರಲ್ಲಿ ಕಾಯಿ ಐತೆ’ ಎಂದಳು. ಕೂಲಿ ತೂಕದ ಮೇಲಲ್ಲವೇ, ಕಾಯಿ ಬಿಟ್ಟು ಬರೀ ಹಣ್ಣು ಕುಯ್ದರೆ ದಿನಕ್ಕೆಷ್ಟು ಕಮ್ಮಿಯಾಗುತ್ತದೆ ಗೊತ್ತಾ ಎಂದೂ ಕೇಳಿದಳು. ಆ ಲೆಕ್ಕ ಹಾಕಲು ಇಬ್ಬರೂ ಅಲ್ಲೇ ಕೂತೆವು.